ಹಳೆಯ ಮಳೆಮಾಪಕದ ಪಕ್ಕದಲ್ಲಿ ಹೊಸದು: ಕರಾವಳಿಯ ಒಂದು ಹವಾಮಾನ ಕೇಂದ್ರದ ನವೀಕರಣ

ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರದ ಹವಾಮಾನ ವೀಕ್ಷಣಾ ಕೇಂದ್ರವೊಂದರಲ್ಲಿ ನಾನು ವೀಕ್ಷಕನಾಗಿ ಕೆಲಸ ಮಾಡುತ್ತಿದ್ದೇನೆ. ಅಲ್ಲಿನ ಹಳೆಯ ಉಪಕರಣಗಳ ಜಾಗಕ್ಕೆ ಸ್ವಯಂಚಾಲಿತ ಉಪಕರಣಗಳನ್ನು ತರುವ ಕೆಲಸ ಒಂದು ಬೇಸಿಗೆಯಲ್ಲಿ ಶುರುವಾಗಿ, ಎರಡು ಮಳೆಗಾಲಗಳನ್ನು ದಾಟಿ, ಈಗ ಒಂದು ನೆಲೆಗೆ ಬಂದಿದೆ. ಇಂಥ ಬದಲಾವಣೆಯನ್ನು ಕಾಗದದ ಮೇಲೆ ಬರೆಯುವುದು ಸುಲಭ. ಉಪ್ಪುಗಾಳಿಯ ನಡುವೆ ಅದು ಹೇಗೆ ನಡೆಯುತ್ತದೆ ಎಂಬುದನ್ನು ಮಾಡಿದವರೇ ಬರೆದಿಡಬೇಕೆನಿಸಿತು. ಕೆಲಸ ಕೈಗೆತ್ತಿಕೊಂಡಾಗ ಎಲ್ಲರ ಮಾತೂ ಹೊಸ ಯಂತ್ರ ಯಾವಾಗ ಬರುತ್ತದೆ ಎಂಬುದರ ಸುತ್ತಲೇ ಇತ್ತು. ಹಳೆಯದನ್ನು ಯಾವಾಗ ನಿಲ್ಲಿಸಬೇಕು, ನಿಲ್ಲಿಸುವ ಮೊದಲು ಎರಡರ ಲೆಕ್ಕ ಎಷ್ಟು ಕಾಲ ಜೊತೆಯಾಗಿ ಸಾಗಬೇಕು ಎಂದು ಕೇಳುವವರು ಕಡಿಮೆ. ಇಡೀ ಕೆಲಸದ ತಿರುಳು ಆ ಎರಡನೆಯ ಪ್ರಶ್ನೆಯಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಕೇಂದ್ರವೆಂದರೆ ಬೇಲಿ ಹಾಕಿದ ಒಂದು ಸಣ್ಣ ಅಂಗಳ. ನಡುವೆ ಎತ್ತರದ ಕಾಲುಗಳ ಮೇಲೆ ಬಿಳಿ ಬಣ್ಣದ ಮರದ ಸ್ಟೀವನ್‌ಸನ್ ಪೆಟ್ಟಿಗೆ. ಗಾಳಿ ಆಡುವಂತೆ ಓರೆ ಪಟ್ಟಿಗಳ ಗೋಡೆಯುಳ್ಳ ಆ ಪೆಟ್ಟಿಗೆಯೊಳಗೆ ಒಣ ಬಲ್ಬ್, ಒದ್ದೆ ಬಲ್ಬ್, ಗರಿಷ್ಠ ಮತ್ತು ಕನಿಷ್ಠ ಎಂಬ ನಾಲ್ಕು ಥರ್ಮಾಮೀಟರುಗಳು. ಸ್ವಲ್ಪ ದೂರದಲ್ಲಿ ಸಾಮಾನ್ಯ ಮಳೆಮಾಪಕ, ಅದರ ಬಳಿ ಕಾಗದದ ಮೇಲೆ ಶಾಯಿಯ ಗೆರೆ ಎಳೆಯುವ ಸ್ವಯಂಲೇಖಿ ಮಳೆಮಾಪಕ. ಗಾಳಿಯ ವೇಗಕ್ಕೆ ತಿರುಗುವ ಬಟ್ಟಲುಗಳು, ದಿಕ್ಕಿಗೆ ಬಾಣ. ಕೋಣೆಯೊಳಗೆ ಬಿಸಿಲು ತಾಗದ ಗೋಡೆಯಲ್ಲಿ ಪಾದರಸದ ವಾಯುಭಾರಮಾಪಕ. ಮುಖ್ಯ ವೀಕ್ಷಣೆ ಬೆಳಿಗ್ಗೆ 8.30ಕ್ಕೆ, ಎಂದರೆ ಜಾಗತಿಕ ಸಮಯ 3 ಗಂಟೆಗೆ; ಸಂಜೆಯದು 5.30ಕ್ಕೆ, ಎಂದರೆ ಜಾಗತಿಕ ಸಮಯ 12 ಗಂಟೆಗೆ. ಬೇರೆ ಬೇರೆ ದೇಶಗಳ ಕೇಂದ್ರಗಳು ಒಂದೇ ಹೊತ್ತಿಗೆ ಓದುವುದರಿಂದಲೇ ಆ ಅಂಕಿಗಳನ್ನು ಒಂದು ನಕಾಶೆಯ ಮೇಲೆ ಇಡಲು ಸಾಧ್ಯವಾಗುತ್ತದೆ. ಓದಿದ್ದನ್ನು ಪಾಕೆಟ್ ರಿಜಿಸ್ಟರಿನಲ್ಲಿ ಬರೆದು, ಐದೈದು ಅಂಕಿಗಳ ಗುಂಪುಗಳಾಗಿ ಸಂಕೇತಕ್ಕೆ ಇಳಿಸಿ ಕಳಿಸಬೇಕು. ಹಿಂದೆ ಅದು ತಂತಿಯ ಮೂಲಕ ಹೋಗುತ್ತಿತ್ತು. 2013ರ ಜುಲೈಯಲ್ಲಿ ದೇಶದ ತಂತಿ ಸೇವೆಯೇ ನಿಲ್ಲುವ ಹೊತ್ತಿಗೆ ದೂರವಾಣಿ, ಮಿಂಚಂಚೆಗಳು ಆ ಜಾಗಕ್ಕೆ ಬಂದಿದ್ದವು.

ಈ ಉಪಕರಣಗಳ ಮೇಲೆ ನನಗೆ ಗೌರವವಿದೆ. ಆದರೆ ಕರಾವಳಿಯಲ್ಲಿ ಅವುಗಳ ಆಯಸ್ಸನ್ನು ಉಪ್ಪು ತಿನ್ನುತ್ತದೆ. ಪೆಟ್ಟಿಗೆಯ ಮರ ಮಳೆಗಾಲದಲ್ಲಿ ಉಬ್ಬಿ ಬಾಗಿಲು ಕಚ್ಚಿಕೊಳ್ಳುತ್ತದೆ, ಕಾಲುಗಳಿಗೆ ಗೆದ್ದಲು ಹತ್ತುತ್ತದೆ, ಗಾಳಿಯ ಬಟ್ಟಲುಗಳ ಬೇರಿಂಗ್ ತುಕ್ಕು ಹಿಡಿದು ಮಂದ ಗಾಳಿಯನ್ನು ಸೊನ್ನೆ ಎಂದೇ ತೋರಿಸತೊಡಗುತ್ತದೆ. ಒದ್ದೆ ಬಲ್ಬಿನ ತೊಂದರೆ ಇನ್ನೂ ಸೂಕ್ಷ್ಮವಾದುದು. ಬಲ್ಬಿಗೆ ಸುತ್ತಿದ ಮಸ್ಲಿನ್ ಬಟ್ಟೆಯ ಮೇಲೆ ಗಾಳಿಯಲ್ಲಿನ ಉಪ್ಪು ಕೂತರೆ ನೀರು ಆವಿಯಾಗುವುದು ಕುಗ್ಗಿ, ಬಲ್ಬ್ ತಣಿಯಬೇಕಾದಷ್ಟು ತಣಿಯುವುದಿಲ್ಲ. ಒಣ, ಒದ್ದೆ ಬಲ್ಬುಗಳ ಅಂತರದಿಂದಲೇ ಗಾಳಿಯ ತೇವವನ್ನು ಲೆಕ್ಕ ಹಾಕುವುದರಿಂದ, ಆಗ ಆರ್ದ್ರತೆ ಇರುವುದಕ್ಕಿಂತ ಹೆಚ್ಚಾಗಿ ಲೆಕ್ಕಕ್ಕೆ ಬರುತ್ತದೆ. ಒಳನಾಡಿನಲ್ಲಿ ವಾರವೆಲ್ಲ ನಡೆಯುವ ಬಟ್ಟೆಯನ್ನು ಪಡುಗಾಳಿ ಬಿರುಸಾಗಿರುವ ದಿನಗಳಲ್ಲಿ ನಾವು ಅದಕ್ಕಿಂತ ಬೇಗ ಬದಲಿಸಬೇಕಾಗುತ್ತದೆ.

ಬದಲಾವಣೆಗೆ ಎರಡು ದೊಡ್ಡ ಕಾರಣಗಳಿದ್ದವು. ಒಂದು ಪಾದರಸ. ಅದರ ಬಳಕೆಯನ್ನು ಕೈಬಿಡಲು 2013ರಲ್ಲಿ ಅಂಗೀಕಾರವಾದ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಭಾರತ ಅದನ್ನು 2018ರಲ್ಲಿ ಸ್ಥಿರೀಕರಿಸಿತು. ಥರ್ಮಾಮೀಟರ್, ವಾಯುಭಾರಮಾಪಕ ಎರಡೂ ಅದರ ವ್ಯಾಪ್ತಿಗೆ ಬರುತ್ತವೆ. ಒಡೆದರೆ ಹೊಸದು ಸಿಗುವ ಕಾಲ ಮುಗಿದಂತೆಯೇ. ಇನ್ನೊಂದು ಕಾರಣ ನಮ್ಮ ಜಿಲ್ಲೆಯ ನೆಲದಲ್ಲೇ ಇದೆ. ಇಲ್ಲಿ ಘಟ್ಟ ಸಮುದ್ರದ ಬೆನ್ನಿಗೇ ನಿಂತಿದೆ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣಿನಡಿ ಸೇರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿ ಮಣ್ಣು ಗಂಗಾವಳಿ ನದಿಯವರೆಗೂ ನುಗ್ಗಿತು. ಇಂಥ ಸಮಯದಲ್ಲಿ ಇಪ್ಪತ್ನಾಲ್ಕು ಗಂಟೆಯ ಒಟ್ಟು ಮಳೆಯೊಂದೇ ಸಾಲದು. ಇನ್ನೂರು ಮಿಲಿಮೀಟರ್ ಮಳೆ ಹಗಲೂ ರಾತ್ರಿ ಹರಡಿ ಬಿದ್ದಿತೋ, ನಾಲ್ಕು ಗಂಟೆಯಲ್ಲಿ ಸುರಿಯಿತೋ ಎಂಬುದರ ಮೇಲೆ ಗುಡ್ಡದ ಮಣ್ಣಿನ ಗತಿ ನಿಂತಿರುತ್ತದೆ. ಸ್ವಯಂಲೇಖಿ ಮಳೆಮಾಪಕದ ಕಾಗದದಲ್ಲಿ ಆ ಮಾಹಿತಿ ಇರುತ್ತದೆ. ಆದರೆ ಅದನ್ನು ಮರುದಿನ ಬೆಳಿಗ್ಗೆ ಡಬ್ಬಿ ತೆರೆದು ಬಿಚ್ಚಿದ ಮೇಲಷ್ಟೇ ನೋಡಬಹುದು. ಹತ್ತು ಮಿಲಿಮೀಟರಿಗೊಮ್ಮೆ ಲೇಖನಿ ಮೇಲೇರಿ ಕೆಳಗಿಳಿಯುವ ಆ ಯಂತ್ರದಲ್ಲಿ, ಬಿರುಮಳೆಯ ರಾತ್ರಿ ಗೆರೆಗಳು ಒಂದರ ಮೇಲೊಂದು ಬಿದ್ದು ಶಾಯಿಯ ಪಟ್ಟಿಯೇ ಆಗಿಬಿಡುವುದೂ ಉಂಟು. ಹದಿನೈದು ನಿಮಿಷಕ್ಕೊಮ್ಮೆ ಅಂಕಿಯನ್ನು ತಾನೇ ಕಳಿಸುವ ಯಂತ್ರ ಬೇಕು ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.

ಮೊದಲ ಹೆಜ್ಜೆ ಸ್ಥಳದ ಆಯ್ಕೆ. ನಾನು ಅತ್ಯಂತ ಹೆಚ್ಚು ವಾದ ಮಾಡಿದ್ದೂ ಅಲ್ಲಿಯೇ. ಉಪಕರಣ ಒದಗಿಸುವ ಗುತ್ತಿಗೆ ಹಿಡಿದಿದ್ದವರು ಎಲ್ಲವನ್ನೂ ಕಟ್ಟಡದ ತಾರಸಿಯ ಮೇಲೆ ಕೂರಿಸೋಣ ಎಂದು ಸೂಚಿಸಿದರು. ಕಳವಿನ ಭಯವಿಲ್ಲ, ದನಗಳು ಬರುವುದಿಲ್ಲ, ಮೊಬೈಲ್ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂಬ ಅವರ ಮಾತುಗಳೆಲ್ಲ ನಿಜವೇ. ಆದರೆ ಕಾಂಕ್ರೀಟ್ ತಾರಸಿ ಹಗಲೆಲ್ಲ ಕಾದು ಸಂಜೆಯ ನಂತರವೂ ಬಿಸಿಯನ್ನು ಹೊರಬಿಡುತ್ತಿರುತ್ತದೆ. ಕಟ್ಟಡದ ಅಂಚಿಗೆ ಬಡಿದ ಗಾಳಿ ಮೇಲಕ್ಕೇಳುವುದರಿಂದ ಮಳೆಹನಿಗಳು ಮಾಪಕದ ಬಾಯಿಯನ್ನು ತಪ್ಪಿಸಿ ಹಾರಿಹೋಗುತ್ತವೆ. ಅಲ್ಲಿ ಅಳೆದದ್ದು ತಾರಸಿಯ ಹವೆಯಾಗುತ್ತದೆಯೇ ಹೊರತು ಊರಿನ ಹವೆಯಾಗುವುದಿಲ್ಲ. ಗಾಳಿಯ ಸಂವೇದಕ ಬಯಲಿನಲ್ಲಿ ನೆಲದಿಂದ ಹತ್ತು ಮೀಟರ್ ಎತ್ತರದಲ್ಲಿರಬೇಕು, ಹತ್ತಿರದ ಅಡ್ಡಿ ಅದರದೇ ಎತ್ತರದ ಹತ್ತು ಪಟ್ಟಾದರೂ ದೂರವಿರಬೇಕು. ಮಳೆಮಾಪಕಕ್ಕೆ ಅಡ್ಡಿಯ ದೂರ ಎತ್ತರದ ಎರಡು ಪಟ್ಟಿಗಿಂತ ಕಡಿಮೆಯಾಗಬಾರದು. ನಮ್ಮ ಪಡುವಣ ಬದಿಯಲ್ಲಿ ಮರಳು ತೀರದ ಗಾಳಿ ಮರಗಳ ಸಾಲಿದೆ, ದಕ್ಷಿಣಕ್ಕೆ ಈಚೆಗೆ ಎದ್ದ ಮನೆಗಳಿವೆ. ಗಾಳಿಯ ನಿಯಮವನ್ನು ಎಲ್ಲ ದಿಕ್ಕಿನಲ್ಲೂ ಪಾಲಿಸುವ ಜಾಗ ಆವರಣದೊಳಗೆ ಇರಲೇ ಇಲ್ಲ. ಕೊನೆಗೆ ಹಳೆಯ ಅಂಗಳದ ಈಶಾನ್ಯ ಮೂಲೆಯನ್ನು ಆರಿಸಿದೆವು. ಯಾವ ದಿಕ್ಕಿನಲ್ಲಿ ಯಾವ ಮರ, ಎಷ್ಟು ದೂರ, ಎಷ್ಟು ಎತ್ತರ ಎಂದು ಅಳೆದು ನಕ್ಷೆ ಬರೆದು, ನಾಲ್ಕೂ ದಿಕ್ಕಿನ ಫೋಟೊ ತೆಗೆದು ಕಡತಕ್ಕೆ ಸೇರಿಸಿದೆವು. ಮೂವತ್ತು ವರ್ಷಗಳ ನಂತರ ಯಾರಾದರೂ ಈ ಊರಿನ ಗಾಳಿ ಕಡಿಮೆಯಾಯಿತೇ ಎಂದು ಕೇಳಿದರೆ, ಮರ ಬೆಳೆದದ್ದರಿಂದ ಕಡಿಮೆಯಾಯಿತೋ ಹವೆಯೇ ಬದಲಾಯಿತೋ ಎಂದು ಹೇಳಲು ಅವರ ಕೈಗೆ ಸಿಗುವ ಪುರಾವೆ ಆ ನಕ್ಷೆಯೊಂದೇ.

ಕಂಬದ ಅಡಿಪಾಯ ಬೇಗ ಮುಗಿಯಿತು. ಸಮಯ ತಿಂದದ್ದು ಸಿಡಿಲಿನ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ಥಿಂಗ್. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಬಯಲಿನ ನಡುವೆ ನಿಂತ ಹತ್ತು ಮೀಟರಿನ ಲೋಹದ ಕಂಬಕ್ಕೆ ಸಿಡಿಲಿನ ಅಪಾಯ ಇದ್ದೇ ಇದೆ. ನಮ್ಮ ನೆಲ ಚಿರೆಕಲ್ಲಿನದು. ಬೇಸಿಗೆಯಲ್ಲಿ ಪೂರ್ತಿ ಒಣಗಿ ವಿದ್ಯುತ್ತಿಗೆ ಬಲವಾದ ತಡೆ ಒಡ್ಡುತ್ತದೆ. ಮಳೆಗಾಲದಲ್ಲಿ ಅಳೆದರೆ ಎಲ್ಲವೂ ಸರಿಯಾಗಿರುವಂತೆ ಕಾಣುವ ಅರ್ಥಿಂಗ್, ಸಿಡಿಲು ಹೆಚ್ಚಾಗಿ ಹೊಡೆಯುವ ಬೇಸಿಗೆಯ ಕೊನೆಯಲ್ಲಿ ಕೈಕೊಡುತ್ತದೆ. ಹಾಗಾಗಿ ಅದನ್ನು ನೆಲ ಅತ್ಯಂತ ಒಣಗಿರುವ ಮೇ ತಿಂಗಳಿನಲ್ಲೇ ಅಳೆಯಬೇಕು ಎಂದು ಹಟ ಹಿಡಿದೆ. ಗುಂಡಿಯನ್ನು ಇನ್ನಷ್ಟು ಆಳಕ್ಕೆ ತೋಡಿ, ಎರಡನೆಯ ಗುಂಡಿಯನ್ನೂ ತೆಗೆದು ಎರಡನ್ನೂ ಪಟ್ಟಿಯಿಂದ ಜೋಡಿಸಿದ ಮೇಲೆ ಅಳತೆ ಒಪ್ಪುವ ಮಟ್ಟಕ್ಕೆ ಬಂತು. ನಟ್ಟು, ಬೋಲ್ಟುಗಳ ವಿಷಯದಲ್ಲೂ ಇದೇ ಮಾತು: ಒಳನಾಡಿನ ಕೇಂದ್ರಕ್ಕೆ ಸಾಕಾಗುವ ಸತು ಲೇಪನದ ಕಬ್ಬಿಣ ಇಲ್ಲಿ ಬಾಳುವುದಿಲ್ಲ, 316 ದರ್ಜೆಯ ಸ್ಟೇನ್‌ಲೆಸ್ ಉಕ್ಕೇ ಬೇಕು. ಕಡತದಲ್ಲಿ ಇದಕ್ಕಾದ ಹೆಚ್ಚುವರಿ ಖರ್ಚನ್ನು ಸಮರ್ಥಿಸಲು ಪುಟಗಟ್ಟಲೆ ಬರೆಯಬೇಕಾಯಿತು. ಹಳೆಯ ಕಂಬದಿಂದ ಬಿಚ್ಚಿದ, ಕೈಯಲ್ಲೇ ಪುಡಿಯಾಗುವ ಬೋಲ್ಟುಗಳ ಫೋಟೊಗಳನ್ನು ಜೊತೆಗಿಟ್ಟ ಮೇಲೆ ಪ್ರಶ್ನೆಗಳು ನಿಂತವು.

ವಾಯುಭಾರದ ಹೊಸ ಸಂವೇದಕ ಅಂಗೈ ಮೇಲೆ ಕೂರುವಷ್ಟು ಚಿಕ್ಕದು. ಪಾದರಸದ ಮಾಪಕದಲ್ಲಿ ಮೊದಲು ಅದಕ್ಕೆ ಅಂಟಿಕೊಂಡಿರುವ ಥರ್ಮಾಮೀಟರನ್ನು ಓದಿ, ಆಮೇಲೆ ಪಾದರಸದ ಮಟ್ಟವನ್ನು ಓದಿ, ಉಷ್ಣತೆಗೆ, ಗುರುತ್ವಕ್ಕೆ, ಉಪಕರಣದ ಸ್ವಂತ ದೋಷಕ್ಕೆ ತಿದ್ದುಪಡಿ ಮಾಡಿ, ಕೊನೆಗೆ ಸಮುದ್ರಮಟ್ಟಕ್ಕೆ ಇಳಿಸಬೇಕು. ಹೊಸದರಲ್ಲಿ ಈ ಲೆಕ್ಕಗಳನ್ನು ನಾವು ಕೈಯಿಂದ ಮಾಡಬೇಕಾಗಿಲ್ಲ, ಆದರೆ ಅದು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನಾವೇ ತಿಳಿಸಬೇಕು. ಎಂಟು ಮೀಟರ್ ಮೇಲೇರಿದರೆ ಸುಮಾರು ಒಂದು ಹೆಕ್ಟೋಪಾಸ್ಕಲ್ ಒತ್ತಡ ಇಳಿಯುತ್ತದೆ. ಹಳೆಯ ಮಾಪಕದ ಎತ್ತರವನ್ನೇ ಹೊಸದಕ್ಕೂ ತುಂಬಿಸಿಬಿಟ್ಟರೆ, ಅಂಕಿ ನೋಡಲು ಸರಿಯಾಗಿಯೇ ಕಾಣುತ್ತದೆ, ಶಾಶ್ವತವಾಗಿ ಸ್ವಲ್ಪ ತಪ್ಪಾಗಿಯೂ ಇರುತ್ತದೆ. ನಮ್ಮ ಅಕ್ಷಾಂಶದಲ್ಲಿ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಇಳಿದು, ರಾತ್ರಿ ಮತ್ತೆ ಏರಿ, ನಸುಕಿನಲ್ಲಿ ಮತ್ತೆ ಇಳಿಯುತ್ತದೆ. ದಿನಕ್ಕೆರಡು ಬಾರಿಯ ಈ ಏರಿಳಿತ ಮೂರ್ನಾಲ್ಕು ಹೆಕ್ಟೋಪಾಸ್ಕಲಿನಷ್ಟು. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾದಾಗ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ತೀರದ ಹೊರಗಿನಿಂದ ಉತ್ತರಕ್ಕೆ ಸಾಗಿದಾಗಿನಂತೆ, ನಾವು ನೋಡುವುದು ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು, ಇಂದು ಎಷ್ಟಿದೆ ಎಂಬ ವ್ಯತ್ಯಾಸವನ್ನು. ಇಷ್ಟು ಸಣ್ಣ ಅಂಕಿಗಳೊಳಗೆ ಹುಡುಕಾಟ ನಡೆಯುವಾಗ ಸಣ್ಣ ತಪ್ಪಿಗೂ ಜಾಗವಿಲ್ಲ. ಆದ್ದರಿಂದ ಮಟ್ಟ ಅಳೆಯುವವರನ್ನು ಕರೆಸಿ ಹೊಸ ಸಂವೇದಕದ ಎತ್ತರವನ್ನು ಬೇರೆಯಾಗಿಯೇ ಗೊತ್ತುಮಾಡಿಸಿದೆವು.

ಇನ್ನು ಮಳೆಯ ಮಾತಿಗೆ ಬರುತ್ತೇನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಹವಾಮಾನ ಕೇಂದ್ರದ ಬೆಲೆಯನ್ನು ನಿರ್ಧರಿಸುವುದು ಮಳೆಯ ಲೆಕ್ಕ. ಸಾಮಾನ್ಯ ಮಳೆಮಾಪಕದಲ್ಲಿ ಕೆಡುವಂಥದ್ದು ಹೆಚ್ಚೇನೂ ಇಲ್ಲ: ಒಂದು ಲಾಳಿಕೆ, ಅದರ ಕೆಳಗೊಂದು ಬಾಟಲಿ, ಜೊತೆಗೆ ಅಳತೆಯ ಗಾಜು. 200 ಚದರ ಸೆಂಟಿಮೀಟರ್ ಬಾಯಿಯ ಮಾಪಕದಲ್ಲಿ ಒಂದು ಮಿಲಿಮೀಟರ್ ಮಳೆಯೆಂದರೆ 20 ಮಿಲಿಲೀಟರ್ ನೀರು. ಹೊಸ ಯಂತ್ರದಲ್ಲಿ ಲಾಳಿಕೆಯ ನೀರು ತಕ್ಕಡಿಯಂತೆ ವಾಲುವ ಎರಡು ಪುಟ್ಟ ಬಟ್ಟಲುಗಳಿಗೆ ಬೀಳುತ್ತದೆ. ಒಂದು ತುಂಬಿ ವಾಲಿದಾಗ ಇನ್ನೊಂದು ಲಾಳಿಕೆಯ ಕೆಳಗೆ ಬರುತ್ತದೆ, ಪ್ರತಿ ವಾಲುವಿಕೆಯೂ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಟಿಪ್ಪಿಂಗ್ ಬಕೆಟ್ ಎನ್ನುತ್ತಾರೆ. ನಮ್ಮ ಯಂತ್ರದಲ್ಲಿ ಒಂದು ವಾಲುವಿಕೆ ಅರ್ಧ ಮಿಲಿಮೀಟರ್. ಬಟ್ಟಲು ವಾಲಲು ಕ್ಷಣಕಾಲ ಬೇಕು. ಆ ಕ್ಷಣದಲ್ಲಿ ಬೀಳುವ ನೀರು ಈಗಾಗಲೇ ತುಂಬಿದ ಬಟ್ಟಲಿಗೇ ಸೇರಿ ಲೆಕ್ಕ ತಪ್ಪಿಸಿಕೊಳ್ಳುತ್ತದೆ. ಸೋನೆ ಮಳೆಯಲ್ಲಿ ಈ ನಷ್ಟ ಗಣನೆಗೆ ಬಾರದು. ಆದರೆ ಆರಿದ್ರೆ, ಪುನರ್ವಸು ಮಳೆಗಳು ಧಾರೆ ಬಿಡದೆ ಸುರಿಯುವಾಗ ವಾಲುವಿಕೆಗಳು ಒತ್ತೊತ್ತಾಗಿ ಬಂದು ನಷ್ಟವೂ ಬೆಳೆಯುತ್ತದೆ. ಮಳೆ ಹೆಚ್ಚಿದಷ್ಟೂ ಯಂತ್ರ ಕಡಿಮೆ ತೋರಿಸುತ್ತದೆ ಎಂಬುದು ನಮ್ಮಂಥ ಕರಾವಳಿಗೆ ಬಹಳ ಮುಖ್ಯವಾದ ಸಂಗತಿ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ದಿನಕ್ಕೆ 64.5 ಮಿ.ಮೀ.ಯಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ ಮಳೆ, 204.4ನ್ನು ದಾಟಿದರೆ ಅದಕ್ಕೂ ಮೇಲಿನ, ಕೊನೆಯ ವರ್ಗ. ನಿಜವಾಗಿ 210 ಮಿ.ಮೀ. ಬಿದ್ದ ದಿನ ಯಂತ್ರ ನೂರಕ್ಕೆ ಐದರಷ್ಟು ಕಡಿಮೆ ತೋರಿಸಿದರೂ ಅದು 199.5 ಆಗಿ, ಆ ದಿನ ಕೊನೆಯ ವರ್ಗದಿಂದಲೇ ಜಾರಿಹೋಗುತ್ತದೆ.

ಇದಕ್ಕೆ ಪರಿಹಾರವಿದೆ. ಬೇರೆ ಬೇರೆ ವೇಗದಲ್ಲಿ ನೀರು ಬಿಟ್ಟು, ಯಾವ ತೀವ್ರತೆಗೆ ಎಷ್ಟು ನಷ್ಟ ಎಂದು ಕಂಡುಕೊಂಡು, ಆ ತಿದ್ದುಪಡಿಯನ್ನು ಅಂಕಿಗಳನ್ನು ದಾಖಲಿಸಿಕೊಳ್ಳುವ ಲಾಗರಿನಲ್ಲಿ ತುಂಬಿಸಬಹುದು. ಒಂದೇ ನಿಧಾನ ವೇಗದಲ್ಲಿ ಪರೀಕ್ಷಿಸಿ ಯಂತ್ರ ಸರಿಯಿದೆ ಎಂದು ಸಹಿ ಹಾಕುವ ರೂಢಿಯನ್ನು ನಾವು ಒಪ್ಪಲಿಲ್ಲ. ಎರಡೂ ಮಾಪಕಗಳನ್ನು ಪಕ್ಕಪಕ್ಕದಲ್ಲಿ, ನೆಲದಿಂದ ಒಂದೇ ಎತ್ತರದ ಬಾಯಿಯೊಂದಿಗೆ ಇಟ್ಟು, ದಿನವೂ ಬೆಳಿಗ್ಗೆ 8.30ಕ್ಕೆ ಬಾಟಲಿಯ ನೀರನ್ನು ಅಳೆದು ಯಂತ್ರದ ಅಂಕಿಯ ಎದುರಿಗೆ ಬರೆಯುತ್ತ ಬಂದೆವು. ಮೊದಲ ಮಳೆಗಾಲದ ಬಿರುಮಳೆಯ ದಿನಗಳಲ್ಲಿ ಯಂತ್ರ ಹಿಂದೆ ಬಿದ್ದದ್ದು ಸಾಲುಸಾಲಾಗಿ ಕಾಣಿಸಿತು. ತಿದ್ದುಪಡಿ ತುಂಬಿಸಿದ ಮೇಲೆ ಎರಡನೆಯ ಮಳೆಗಾಲದಲ್ಲಿ ಆ ಅಂತರ ತಗ್ಗಿತು. ಇನ್ನೊಂದು ಬಗೆಯ ವ್ಯತ್ಯಾಸವೂ ಕಂಡಿತು. ಮಳೆ ಜೋರಾಗಿರುವಾಗ ಯಂತ್ರ ತೀರ ಕಡಿಮೆ ತೋರಿಸಿ, ಮಳೆ ನಿಂತ ಮೇಲೂ ಗಂಟೆಗಟ್ಟಲೆ ಒಂದೊಂದೇ ವಾಲುವಿಕೆ ದಾಖಲಿಸುತ್ತಿತ್ತು. ಲಾಳಿಕೆ ತೆರೆದರೆ ಜಾಲರಿಯ ಮೇಲೆ ಗಾಳಿ ಮರದ ಎಳೆ ಎಲೆಗಳು ಚಾಪೆಯಂತೆ ಹೆಣೆದುಕೊಂಡಿದ್ದವು. ಜೇಡ, ಕಣಜಗಳೂ ಅಲ್ಲಿ ಗೂಡು ಕಟ್ಟುತ್ತವೆ. ದೂರದ ಕಚೇರಿಯಲ್ಲಿ ಪರದೆಯ ಮೇಲೆ ಈ ಅಂಕಿಗಳನ್ನು ನೋಡುವವರಿಗೆ ಅದು ಸಣ್ಣ ಮಳೆ ಎಂದೇ ಕಾಣುತ್ತದೆ, ಏಕೆಂದರೆ ಯಂತ್ರ ಕೆಟ್ಟಿಲ್ಲ, ಅಂಕಿಯೂ ಬರುತ್ತಲೇ ಇದೆ. ಅದು ಸುಳ್ಳು ಎಂದು ಹೇಳಬಲ್ಲದ್ದು ಪಕ್ಕದಲ್ಲಿ ತುಂಬಿ ಕುಳಿತ ಬಾಟಲಿ.

ಉಷ್ಣತೆಯ ಬಗ್ಗೆ ಸಂಕ್ಷೇಪವಾಗಿ ಹೇಳಬಹುದು. ಪ್ಲಾಟಿನಂ ತಂತಿಯ ಸಂವೇದಕ ಗಾಜಿನೊಳಗಿನ ಪಾದರಸಕ್ಕಿಂತ ಬೇಗ ಸ್ಪಂದಿಸುತ್ತದೆ, ಆದ್ದರಿಂದ ಗಳಿಗೆಹೊತ್ತಿನ ಬಿಸಿಯನ್ನೂ ಹಿಡಿದು ಗರಿಷ್ಠವನ್ನು ತುಸು ಮೇಲೆ ತೋರಿಸಬಲ್ಲದು. ಒಂದು ನಿಮಿಷದ ಸರಾಸರಿ ತೆಗೆಯುವುದು ಇದಕ್ಕಾಗಿ. ಸಂವೇದಕವನ್ನು ಮುಚ್ಚುವ ತಟ್ಟೆತಟ್ಟೆಯ ಪ್ಲಾಸ್ಟಿಕ್ ಕವಚ, ಗಾಳಿಯಾಡದ ಬಿಸಿಲಿನ ಹೊತ್ತಿನಲ್ಲಿ, ಅಂದರೆ ನೆಲದ ಗಾಳಿ ನಿಂತು ಕಡಲ ಗಾಳಿ ಇನ್ನೂ ಏಳದ ಮಾರ್ಚ್ ತಿಂಗಳ ಪೂರ್ವಾಹ್ನಗಳಲ್ಲಿ, ಒಳಗೆ ಕಾಯುತ್ತದೆ. ಮರದ ಪೆಟ್ಟಿಗೆಯ ನಡತೆ ಬೇರೆ. ಎರಡನ್ನೂ ಜೊತೆಗಿಟ್ಟು ಋತುವಾರು ವ್ಯತ್ಯಾಸ ಕಂಡುಕೊಳ್ಳದೆ ಹಳೆಯದನ್ನು ಕಿತ್ತುಹಾಕಿದರೆ, ಪೆಟ್ಟಿಗೆ ಬದಲಾದ ದಿನವೇ ಊರಿನ ಹವೆ ಬದಲಾದಂತೆ ದಾಖಲೆಯಲ್ಲಿ ಕಾಣುತ್ತದೆ. ಹವಾಗುಣದ ಸರಾಸರಿಯನ್ನು ಮೂವತ್ತು ವರ್ಷಗಳ ಅಂಕಿಗಳಿಂದ ತೆಗೆಯುತ್ತಾರೆ, ಈಗಿನದು 1991ರಿಂದ 2020ರವರೆಗಿನದು. ಅದರೊಂದಿಗೆ ಇಂದಿನ ಅಂಕಿಯನ್ನು ಹೋಲಿಸಬೇಕಾದರೆ ಎರಡೂ ಒಂದೇ ಅಳತೆಗೋಲಿನವು ಎಂಬ ಭರವಸೆ ಇರಬೇಕು. ವಿಶ್ವ ಹವಾಮಾನ ಸಂಸ್ಥೆಯ ಮಾರ್ಗದರ್ಶಿ ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಎರಡು ವರ್ಷ ಜೋಡಿ ವೀಕ್ಷಣೆ ನಡೆಯಲಿ ಎನ್ನುವುದು ಇದೇ ಕಾರಣಕ್ಕೆ. ಮೂರು ತಿಂಗಳು ಸಾಕಲ್ಲವೇ ಎಂದು ಮೇಲಿನಿಂದ ಕೇಳಿದಾಗ, ಯಾವ ಮೂರು ತಿಂಗಳು ಎಂದು ನಾನು ತಿರುಗಿ ಬರೆದೆ. ಜೂನ್‌ನಿಂದ ಆಗಸ್ಟ್‌ವರೆಗಿನದು ಮಾರ್ಚಿನ ಬಿಸಿಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಗಾಳಿಯ ವಿಷಯದಲ್ಲಿ ಹೊಸ ಉಪಕರಣ ಹಳೆಯದನ್ನು ಸ್ಪಷ್ಟವಾಗಿ ಮೀರಿಸಿದೆ. ಶಬ್ದದ ಅಲೆಗಳಿಂದ ಗಾಳಿಯನ್ನು ಅಳೆಯುವ ಅದರಲ್ಲಿ ತಿರುಗುವ ಭಾಗವೇ ಇಲ್ಲ, ತುಕ್ಕಿನ ಕಾಟ ತಪ್ಪಿತು. ಮೇಲೆ ಬಂದು ಕೂರುವ ಕಾಗೆ, ಹದ್ದುಗಳಿಗೆ ಮಾತ್ರ ಮುಳ್ಳಿನ ತಂತಿ ಹಾಕಬೇಕಾಯಿತು. ಬೈತಖೋಲದ ಮೀನುಗಾರಿಕೆ ದಕ್ಕೆಯಿಂದ ಪರಿಚಯದ ತಾಂಡೇಲರೊಬ್ಬರು, ಎಂದರೆ ಮೀನುಗಾರಿಕೆ ದೋಣಿ ನಡೆಸುವ ಮುಖ್ಯಸ್ಥರು, ಕಂಬ ನೋಡಲು ಬಂದಿದ್ದರು. "ಸಾಹೇಬ್ರೇ, ನಿಮ್ಮ ಕಂಬದ ಗಾಳಿ ಬೇರೆ, ದೇವಗಡ ದಾಟಿದ ಮೇಲಿನ ಗಾಳಿ ಬೇರೆ" ಎಂದರು. ದೇವಗಡವೆಂದರೆ ತೀರದಾಚೆ ಸಮುದ್ರದಲ್ಲಿರುವ ದ್ವೀಪ. ಅವರ ಮಾತು ಸರಿ. ನೀರಿನ ಮೇಲೆ ಗಾಳಿಗೆ ತಡೆ ಕಡಿಮೆ, ವೇಗ ಹೆಚ್ಚು. ಮೀನುಗಾರರಿಗೆ ಕೊಡುವ ಎಚ್ಚರಿಕೆಯಲ್ಲಿ ಗಂಟೆಗೆ 45ರಿಂದ 55 ಕಿಲೋಮೀಟರ್ ಎಂದು ಬರುವುದು ಸಮುದ್ರದ ಮೇಲಿನ ಗಾಳಿ. ದಡದ ಕಂಬ ಅದರ ಒಂದು ಸಾಕ್ಷಿಯಷ್ಟೇ ಎಂದು ನಾನೂ ಅವರಿಗೆ ಹೇಳಿದೆ. "ಹಾಗಾದ್ರೆ ನೀವು ಕಣ್ಣಲ್ಲಿ ನೋಡೋದು ಬಿಡ್ಬೇಡಿ" ಎಂದು ಅವರು ಹೇಳಿ ಹೋದರು.

ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿದ್ದ ಕಳವಳವನ್ನೇ. ಆಕಾಶದ ಎಂಟು ಭಾಗಗಳಲ್ಲಿ ಎಷ್ಟು ಭಾಗ ಮೋಡ, ಅದು ಯಾವ ಜಾತಿಯದು, ಸದಾಶಿವಗಡದ ಗುಡ್ಡ ಕಾಣುತ್ತಿದೆಯೇ, ದೇವಗಡದ ದೀಪಸ್ತಂಭ ಕಾಣುತ್ತಿದೆಯೇ, ಗುಡುಗು ಯಾವ ದಿಕ್ಕಿನಲ್ಲಿ ಕೇಳಿಸಿತು ಎಂಬುದನ್ನು ನಮ್ಮ ಹೊಸ ಯಂತ್ರ ದಾಖಲಿಸುವುದಿಲ್ಲ. ಇವನ್ನು ಅಳೆಯುವ ಉಪಕರಣಗಳು ಲೋಕದಲ್ಲಿವೆ, ವಿಮಾನ ನಿಲ್ದಾಣಗಳಲ್ಲಿ ಬಳಕೆಯಲ್ಲೂ ಇವೆ. ನಮಗೆ ಮಂಜೂರಾದ ಪಟ್ಟಿಯಲ್ಲಿ ಅವು ಇರಲಿಲ್ಲ. ಆದ್ದರಿಂದ ಕಣ್ಣಿನ ವೀಕ್ಷಣೆಯ ಕಲಮುಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದು ಬರೆದು ಒಪ್ಪಿಗೆ ಪಡೆದೆವು.

ಮಳೆಗಾಲದ ನಿರ್ವಹಣೆಗೆ ಯಾವ ಕೈಪಿಡಿಯೂ ಪೂರ್ತಿ ಉತ್ತರ ಕೊಡುವುದಿಲ್ಲ. ಸೂರ್ಯನೇ ಕಾಣದ ವಾರಗಳಲ್ಲಿ ಸೌರ ಫಲಕ ಬ್ಯಾಟರಿಯನ್ನು ಅರ್ಧಂಬರ್ಧ ತುಂಬಿಸುತ್ತದೆ, ಫಲಕದ ಮೇಲೆ ಪಾಚಿ ಕಟ್ಟುತ್ತದೆ. ಲಾಗರ್ ಪೆಟ್ಟಿಗೆಗೆ ತಂತಿ ನುಗ್ಗುವ ರಂಧ್ರದಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಇರುವೆಗಳು ಒಳಗೆ ಸೇರುತ್ತವೆ, ತೇವ ಹೀರಲು ಇಟ್ಟ ಸಿಲಿಕಾ ಜೆಲ್ಲಿನ ನೀಲಿ ಹರಳುಗಳು ಕೆಲವೇ ದಿನಗಳಲ್ಲಿ ಗುಲಾಬಿಗೆ ತಿರುಗುತ್ತವೆ. ಬ್ಯಾಟರಿಯನ್ನು ಮೊದಲು ಕೊಟ್ಟದ್ದಕ್ಕಿಂತ ದೊಡ್ಡದಕ್ಕೆ ಬದಲಿಸಿ, ಹರಳುಗಳ ಇನ್ನೊಂದು ಚೀಲವನ್ನು ಒಲೆಯ ಬಿಸಿಯಲ್ಲಿ ಒಣಗಿಸಿ ಸದಾ ಸಿದ್ಧವಾಗಿಟ್ಟುಕೊಳ್ಳುವ ಪದ್ಧತಿ ಮಾಡಿಕೊಂಡೆವು. ಲಾಳಿಕೆಯ ಜಾಲರಿಯನ್ನು ಬೆಳಗಿನ ವೀಕ್ಷಣೆಯ ಜೊತೆಗೇ ನೋಡುವುದು ಈಗ ಬರಹದಲ್ಲಿರುವ ನಿಯಮ.

ಪಾದರಸದ ವಾಯುಭಾರಮಾಪಕವನ್ನು ಕೊನೆಯಲ್ಲಿ ಇಳಿಸಿದೆವು. ಕೊಳವೆಯ ಮೇಲ್ತುದಿಯವರೆಗೆ ಪಾದರಸ ತುಂಬುವಂತೆ ತಿರುಪನ್ನು ತಿರುಗಿಸಿ, ನಿಧಾನವಾಗಿ ಓರೆ ಮಾಡಿ, ತಲೆಕೆಳಗಾಗಿಸಿ ಸಾಗಿಸಬೇಕು. ಅದನ್ನು ಬಲ್ಲವರೇ ಬಂದು, ಚೆಲ್ಲಿದರೆ ಹಾಕಲು ಗಂಧಕದ ಪುಡಿಯನ್ನೂ ಜೊತೆಗಿಟ್ಟುಕೊಂಡು ಸುರಕ್ಷಿತವಾಗಿ ಒಯ್ದರು. ಮರದ ಪೆಟ್ಟಿಗೆ ಹೊಸ ಬಣ್ಣ ಹಚ್ಚಿಸಿಕೊಂಡು ಅಲ್ಲೇ ಉಳಿದಿದೆ, ಒಳಗೆ ಪಾದರಸವಿಲ್ಲದ ಥರ್ಮಾಮೀಟರುಗಳಿವೆ. ಸಾಮಾನ್ಯ ಮಳೆಮಾಪಕವನ್ನು ಕಾಯಂ ಆಗಿ ಉಳಿಸಿಕೊಳ್ಳಲು ಅನುಮತಿ ಸಿಕ್ಕಿದೆ. ಯಂತ್ರದ ಮಳೆಮಾಪಕವನ್ನು ಪ್ರತಿ ವರ್ಷ ಮೃಗಶಿರಾ ಮಳೆ ಹಿಡಿಯುವ ಮೊದಲು ಬೇರೆ ಬೇರೆ ತೀವ್ರತೆಯಲ್ಲಿ ನೀರು ಬಿಟ್ಟು ಪರೀಕ್ಷಿಸುವುದು ಗುತ್ತಿಗೆಯ ಷರತ್ತಿನಲ್ಲಿ ಸೇರಿದೆ. ಎರಡು ಮಳೆಗಾಲಗಳ ಜೋಡಿ ಅಂಕಿಗಳನ್ನು ತಿಂಗಳುವಾರು ವಿಂಗಡಿಸಿ, ಸ್ಥಳದ ನಕ್ಷೆ, ಸಂವೇದಕದ ಎತ್ತರ, ತಿದ್ದುಪಡಿ ತುಂಬಿಸಿದ ದಿನಾಂಕಗಳನ್ನು ಸೇರಿಸಿ ಒಂದು ಟಿಪ್ಪಣಿ ಸಿದ್ಧಪಡಿಸಿದ್ದೇವೆ. ಈ ಕೇಂದ್ರದ ಅಂಕಿಗಳನ್ನು ಯಾರೇ ಕೇಳಿ ಪಡೆದರೂ ಅವುಗಳ ಜೊತೆಗೆ ಆ ಟಿಪ್ಪಣಿಯನ್ನೂ ಕಳಿಸುತ್ತಿದ್ದೇವೆ.